ಹೊಣೆ ನಿಂತವರ ಚರಿತ್ರೆ: ತುಂಗಭದ್ರೆಯ ದಡದಲ್ಲಿ ಗುತ್ತಿಗೆ ಮತ್ತು ಜಾಮೀನು

ಕನ್ನಡದಲ್ಲಿ ‘ಹೊಣೆ’ ಎಂಬುದು ಬಹು ಹಳೆಯ ಶಬ್ದ. ಹಳಗನ್ನಡದಲ್ಲಿ ಅದರ ರೂಪ ‘ಪೊಣೆ’. ಇಂದು ಅದು ಸಾಮಾನ್ಯ ಜವಾಬ್ದಾರಿ ಎಂಬ ವಿಶಾಲ ಅರ್ಥದಲ್ಲಿ ಬಳಕೆಯಾಗುತ್ತಿದ್ದರೂ, ಮತ್ತೊಬ್ಬನ ಸಾಲಕ್ಕೆ ಅಥವಾ ಮತ್ತೊಬ್ಬನ ಮಾತಿಗೆ ತಾನು ನಿಲ್ಲುವುದೇ ಅದರ ಹಿಂದಿನ ಅರ್ಥ. ‘ಜಾಮೀನು’ ಎಂಬುದು ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯ ಮೂಲಕ ಕಚೇರಿಯ ಕಾಗದದೊಂದಿಗೆ ನಮ್ಮ ನಾಡಿಗೆ ಬಂದ ಶಬ್ದ. ಶಬ್ದ ಬದಲಾದರೂ ಕೆಲಸ ಬದಲಾಗಲಿಲ್ಲ. ಅಂಗಡಿ ಮಳಿಗೆಯನ್ನು ಬಾಡಿಗೆಗೆ ಹಿಡಿಯುವ ತರುಣನಿಗೆ, ಗದ್ದೆಯನ್ನು ಗುತ್ತಿಗೆಗೆ ಹಿಡಿಯುವ ನೆಂಟನಿಗೆ ಸಮಾಜದ ಹಿರಿಯರೊಬ್ಬರು ರುಜು ಹಾಕಿಕೊಡುವುದು ವ್ಯಾಪಾರಿ ಮನೆತನಗಳಲ್ಲಿ ಇಂದಿಗೂ ನಡೆದುಬಂದ ರೂಢಿ. ‘ಬರೀ ಒಂದು ರುಜು ತಾನೆ’ ಎಂಬ ಮಾತಿನೊಡನೆ ಆ ಕಾಗದ ಮುಂದೆ ಬರುತ್ತದೆ. ಆ ಒಂದು ರುಜುವಿನ ಭಾರವೆಷ್ಟು ಎಂಬುದನ್ನು ಹಂಪಿ, ಹೊಸಪೇಟೆ, ಕಂಪ್ಲಿಗಳ ಸೀಮೆಯ ಚರಿತ್ರೆ ಒಂದಕ್ಕಿಂತ ಹೆಚ್ಚು ಬಾರಿ ಅಳೆದು ತೋರಿಸಿದೆ.

ಜೈನ ಸಮಾಜಕ್ಕೆ ಸುಪರಿಚಿತವಾದ ಒಂದು ಹೊಣೆಯಿಂದಲೇ ಆರಂಭಿಸುವುದು ಉಚಿತ. ಶಕವರ್ಷ 1290ರಲ್ಲಿ, ಅಂದರೆ ಕ್ರಿ.ಶ. 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಭವ್ಯಜನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. (ಇಲ್ಲಿಯ ಹೊಸಪಟ್ಟಣ ಇಂದಿನ ಹೊಸಪೇಟೆಯಲ್ಲ; ಹೊಸಪೇಟೆ ಕೃಷ್ಣದೇವರಾಯನ ಕಾಲದಲ್ಲಿ ನಾಗಲಾಪುರವೆಂಬ ಹೆಸರಿನಿಂದ ಹುಟ್ಟಿದ ಊರು.) ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ ಪ್ರಸಂಗವನ್ನು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಧರ್ಮಸಮನ್ವಯದ ಸಾಕ್ಷಿಯೆಂದು ಈ ಶಾಸನವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಲೆಕ್ಕ ಬಲ್ಲವರು ನೋಡಬೇಕಾದದ್ದು ಅದರ ಮುಂದಿನ ಸಾಲುಗಳನ್ನು. ರಾಜ್ಯದೊಳಗಿನ ಜೈನರು ಮನೆಗೊಂದರಂತೆ ವರ್ಷಕ್ಕೆ ಒಂದು ಹಣ ಕೊಡತಕ್ಕದ್ದು. ಆ ಹೊನ್ನಿನಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸತಕ್ಕದ್ದು. ಮಿಕ್ಕ ಹೊನ್ನಿನಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಕಲ್ಲೆಹದ ಹರ್ವಿಸೆಟ್ಟಿಯ ಮಗನಾದ ಬುಸುವಿಸೆಟ್ಟಿ ಎಂಬ ವರ್ತಕನು ಬುಕ್ಕರಾಯನಿಗೆ ಬಿನ್ನವಿಸಿ, ತಾತಯ್ಯನನ್ನು ಕರೆಸಿ, ಜೀರ್ಣೋದ್ಧಾರ ಮಾಡಿಸಿದುದಕ್ಕಾಗಿ ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು.

ಇದು ಹಣದ ಸಾಲಕ್ಕೆ ನಿಂತ ಜಾಮೀನಲ್ಲ; ರಕ್ಷಣೆಗೆ ನಿಂತ ಹೊಣೆ. ಆದರೂ ಇದರಲ್ಲಿ ಒಳ್ಳೆಯ ಹೊಣೆಗಾರಿಕೆಯ ಲಕ್ಷಣಗಳೆಲ್ಲ ಇವೆ. ಯಾರು ಹೊಣೆ, ಯಾರ ಪರವಾಗಿ, ಎಷ್ಟು ಹಣ, ಎಷ್ಟು ಆಳು, ಉಳಿದದ್ದು ಯಾವ ಬಾಬಿಗೆ ಎಂಬುದೆಲ್ಲ ಕಲ್ಲಿನ ಮೇಲೆ ಬರೆದಿದೆ. ಹೊಣೆ ಹೊತ್ತವನಿಗೆ ಅದರ ವೆಚ್ಚವೂ ಸಂದಾಯವಾಗುತ್ತದೆ. ಗಾತ್ರ ಗೊತ್ತಿಲ್ಲದ ಭಾರವನ್ನು ಇಲ್ಲಿ ಯಾರ ಹೆಗಲ ಮೇಲೂ ಹೊರಿಸಿಲ್ಲ.

ಬುಕ್ಕರಾಯನಿಗಿಂತ ಎರಡೂವರೆ ಶತಮಾನ ಹಿಂದೆಯೇ ಕನ್ನಡ ನಾಡಿನಲ್ಲಿ ಹೊಣೆಯ ವಿಚಾರ ಶಾಸ್ತ್ರವಾಗಿ ರೂಪುಗೊಂಡಿತ್ತು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದನು. ಕಂಪ್ಲಿಯ ಸೀಮೆಯೂ ಅಂದು ಆ ಅರಸರ ಆಳ್ವಿಕೆಗೇ ಸೇರಿತ್ತು. ಹೊಣೆ ನಿಲ್ಲುವುದಕ್ಕೆ ಅಲ್ಲಿ ‘ಪ್ರಾತಿಭಾವ್ಯ’ ಎಂದು ಹೆಸರು. ಅದು ಮೂರು ಬಗೆ. ಸಾಲಗಾರನನ್ನು ಕರೆದಾಗ ತಂದು ತೋರಿಸುವೆನೆಂಬುದು ಒಂದು. ಅವನು ನಂಬಿಕಸ್ಥನೆಂದು ಹೇಳುವುದು ಇನ್ನೊಂದು. ಅವನು ಕೊಡದಿದ್ದರೆ ತಾನು ಕೊಡುವೆನೆಂಬುದು ಮೂರನೆಯದು. ಮೊದಲ ಎರಡು ಬಗೆಯಲ್ಲಿ ಹೊಣೆಗಾರ ಸತ್ತರೆ ಹೊಣೆಯೂ ಸತ್ತಿತು, ಮಕ್ಕಳು ಕೊಡಬೇಕಾಗಿಲ್ಲ. ಮೂರನೆಯದರಲ್ಲಿ ಮಾತ್ರ ಮಗನಿಗೆ ಬಾಧ್ಯತೆಯುಂಟು, ಅದೂ ಅಸಲಿಗೆ ಮಾತ್ರ, ಬಡ್ಡಿಗಲ್ಲ, ಮೊಮ್ಮಗನಿಗಂತೂ ಇಲ್ಲ. ಅವಿಭಕ್ತರಾದ ಸಹೋದರರು, ತಂದೆ-ಮಗ, ಪತಿ-ಪತ್ನಿ ತಮ್ಮತಮ್ಮಲ್ಲೇ ಒಬ್ಬರಿಗೊಬ್ಬರು ಹೊಣೆಯಾಗುವಂತಿಲ್ಲ. ಒಂದೇ ಪೆಟ್ಟಿಗೆಯ ಹಣವನ್ನು ಅದೇ ಪೆಟ್ಟಿಗೆಗೆ ಜಾಮೀನು ಕೊಟ್ಟಂತಾಗುವುದೆಂಬ ವಿವೇಕ ಇದರಲ್ಲಿದೆ. ಹೊಣೆಗಾರನು ಬಲವಂತಕ್ಕೆ ಸಿಕ್ಕಿ ಎಲ್ಲರೆದುರು ಹಣ ಕಟ್ಟಬೇಕಾಗಿ ಬಂದರೆ, ಸಾಲಗಾರನು ಅವನಿಗೆ ಇಮ್ಮಡಿಯಾಗಿ ತುಂಬಿಕೊಡಬೇಕು. ಹೊಣೆಗಾರ ಕಳೆದುಕೊಳ್ಳುವುದು ಬರೀ ಹಣವನ್ನಲ್ಲ, ಊರಿನ ಎದುರು ತಲೆಯೆತ್ತಿ ನಡೆದ ಮರ್ಯಾದೆಯನ್ನೂ ಎಂಬುದು ಸ್ಮೃತಿಕಾರರಿಗೆ ತಿಳಿದಿತ್ತು.

ವಿಜಯನಗರದ ಕಾಲಕ್ಕೆ ಗುತ್ತಿಗೆಯ ಪದ್ಧತಿ ಬಹಳ ಬೆಳೆದಿತ್ತು. ಕುದುರೆ ವ್ಯಾಪಾರಿಯಾಗಿ ಬಂದ ಪೋರ್ಚುಗೀಸ ಫೆರ್ನಾವೋ ನುನಿಜ್ ಸುಮಾರು 1535ರಲ್ಲಿ ಬರೆದ ವೃತ್ತಾಂತದಲ್ಲಿ, ಹೊಸಪೇಟೆಗೂ ರಾಜಧಾನಿಗೂ ನಡುವಿನ ಹೆಬ್ಬಾಗಿಲಿನ ಸುಂಕವನ್ನು ವರ್ಷಕ್ಕೆ 12,000 ಪರ್ದಾವುಗಳಿಗೆ ಗುತ್ತಿಗೆ ಕೊಡಲಾಗುತ್ತಿತ್ತೆಂದು ಹೇಳಿದ್ದಾನೆ. ದಿನಕ್ಕೆ ಎರಡು ಸಾವಿರ ಹೇರೆತ್ತುಗಳು ಒಳಬರುತ್ತಿದ್ದವು. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಯಾರೂ ಒಳಹೋಗುವಂತಿರಲಿಲ್ಲ. ಕೊಂಬಿಲ್ಲದ ಎತ್ತಿಗೆ ಮಾತ್ರ ಸುಂಕವಿರಲಿಲ್ಲವಂತೆ. ಎರಡೂ ಪಟ್ಟಣಗಳಿಗೆ ಬೇಕಾದ ದವಸಧಾನ್ಯವೆಲ್ಲ ಹೊರಗಿನಿಂದ ಎತ್ತಿನ ಬೆನ್ನ ಮೇಲೆಯೇ ಬರಬೇಕಾಗಿತ್ತಾದ್ದರಿಂದ ಆ ಬಾಗಿಲು ಬಂಗಾರದ ಬಾಗಿಲಾಗಿತ್ತು. ಹಂಪಿಯ ಪಾನ್-ಸುಪಾರಿ ಬಜಾರಿನಲ್ಲಿ 1426ರಲ್ಲಿ ಇಮ್ಮಡಿ ದೇವರಾಯನು ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದ್ದನ್ನು ನೆನೆದರೆ, ಆ ಬೀದಿಗೆ ಹೋಗುತ್ತಿದ್ದ ಅಡಕೆ-ಎಲೆಯ ಹೇರುಗಳೂ ಇಂಥ ಸುಂಕದ ಬಾಗಿಲುಗಳನ್ನು ದಾಟಿಯೇ ಹೋಗಿರಬೇಕು. ಗುತ್ತಿಗೆಯ ಸ್ವಭಾವವೇ ಅದು: ಬರುವ ಹಣ ಅನಿಶ್ಚಿತ, ಕಟ್ಟಬೇಕಾದ ಹಣ ನಿಶ್ಚಿತ. ದಾರಿಯಲ್ಲಿ ಎತ್ತು ನಡೆಯುವವರೆಗೆ ಲಾಭ. 1565ರಲ್ಲಿ ರಾಜಧಾನಿ ಹಾಳಾದ ಮೇಲೆ ಆ ಬಾಗಿಲಿಗೆ ಒಂದು ಹಣವನ್ನಾದರೂ ಯಾರು ಕೊಟ್ಟಾರು?

ಪರರ ಕಂದಾಯಕ್ಕೆ ಹೊಣೆ ನಿಲ್ಲುವುದರ ನಿಜವಾದ ಅಪಾಯ ಈ ಸೀಮೆಯಲ್ಲಿ ಪ್ರಕಟವಾದದ್ದು ಹತ್ತೊಂಬತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಕಡಪ ಮೊದಲಾದ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಇದಕ್ಕೆ ‘ದತ್ತ ಮಂಡಲ’ವೆಂದು ಹೆಸರಾಯಿತು. ಹೊಸಪೇಟೆ, ಹಂಪಿ, ಕಂಪ್ಲಿಗಳು ಇದರೊಳಗೆ ಬಂದವು. ಬೆಟ್ಟದಾಚೆಯ ಸಂಡೂರು ಘೋರ್ಪಡೆ ಮನೆತನದ ಕೈಯಲ್ಲೇ ಉಳಿದು, 1949ರವರೆಗೂ ಪ್ರತ್ಯೇಕ ಸಂಸ್ಥಾನವಾಗಿತ್ತು. ಆದುದರಿಂದ ಮುಂದಿನ ಕಥೆ ಸಂಡೂರಿನ ರೈತನಿಗೆ ಅನ್ವಯಿಸುವುದಿಲ್ಲ. ಒಂದು ಗುಡ್ಡದ ಅಂತರದಲ್ಲಿ ಎರಡು ಬೇರೆ ಬೇರೆ ಲೆಕ್ಕಗಳು.

ದತ್ತ ಮಂಡಲದ ಮೊದಲ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು, ಜಮೀನುಗಳನ್ನು ಅಳೆಸಿ, ಪ್ರತಿಯೊಬ್ಬ ರೈತನೊಡನೆ ಪ್ರತ್ಯೇಕವಾಗಿ ಕಂದಾಯ ನಿಗದಿ ಮಾಡುವ ರೈತವಾರಿ ಪದ್ಧತಿಯನ್ನು ನಡೆಸಿದನು. ಪ್ರಜೆಗಳ ಮೇಲೆ ಅವನಿಗಿದ್ದ ಕಳಕಳಿಯ ಬಗ್ಗೆ ಅನುಮಾನವಿಲ್ಲ. ರಾಯಲಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟ ಉದಾಹರಣೆಗಳಿವೆ. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡಾಗಲೂ ಅವನು ಇದೇ ಸೀಮೆಯ ಪ್ರವಾಸದಲ್ಲಿದ್ದನು. ಹೀಗಿದ್ದರೂ ಅವನ ವ್ಯವಸ್ಥೆಯೊಳಗೆ ಒಂದು ಕಠಿಣ ನಿಯಮವಿತ್ತು. ರೈತನೊಬ್ಬ ಕಂದಾಯ ಕಟ್ಟಲಾರದೆ ಹೋದರೆ ಅಥವಾ ಊರು ಬಿಟ್ಟು ಓಡಿಹೋದರೆ, ಆ ನಷ್ಟವನ್ನು ಉಳಿದ ರೈತರ ಮೇಲೆ ಅವರ ಕಂದಾಯದ ಶೇಕಡಾ 10ರ ಮಿತಿಯೊಳಗೆ ಹಂಚಿ ವಸೂಲು ಮಾಡಬಹುದಾಗಿತ್ತು. ಹೀಗೆ, ಯಾವ ಕಾಗದಕ್ಕೂ ರುಜು ಹಾಕದ ರೈತನೂ ನೆರೆಯವನ ಕಂದಾಯಕ್ಕೆ ಜಾಮೀನಾದನು.

ನಿಯಮದ ಹಿಂದೆ ತರ್ಕವಿಲ್ಲದಿರಲಿಲ್ಲ. ಒಬ್ಬನ ನಿಜಸ್ಥಿತಿ ಕಲೆಕ್ಟರನಿಗಿಂತ ನೆರೆಯವನಿಗೆ ಚೆನ್ನಾಗಿ ತಿಳಿದಿರುತ್ತದೆ. ತನ್ನ ಮೇಲೆ ಬೀಳುವುದೆಂದು ತಿಳಿದರೆ ಅವನು ಸುಳ್ಳು ದಿವಾಳಿಗೆ ಸಾಕ್ಷಿ ಹೇಳುವುದಿಲ್ಲ. ಶೇಕಡಾ 10ರ ಮಿತಿಯೂ ಒಂದು ವಿವೇಕವೇ. ಆದರೆ ಬಳ್ಳಾರಿ ಸೀಮೆ ಮಳೆಯನ್ನು ನಂಬುವಂಥದ್ದಲ್ಲ. ಹೊಸಪೇಟೆ, ಕಂಪ್ಲಿಗಳಲ್ಲಿ ವಿಜಯನಗರದ ಅರಸರು ಕಟ್ಟಿಸಿದ ಅಣೆಕಟ್ಟುಗಳಿಂದ ಹರಿಯುವ ಕಾಲುವೆಗಳಿದ್ದವು. ಅವುಗಳ ಅಂಚಿನ ಗದ್ದೆ, ಕಬ್ಬಿನ ತೋಟಗಳು ನಿಶ್ಚಿಂತವಾಗಿದ್ದವು. ಅಲ್ಲಿಂದ ಹೊರಗೆ ಕಾಲಿಟ್ಟರೆ ಎಲ್ಲವೂ ಬೆದ್ದಲು. ಅಂಥಲ್ಲಿ ಮಳೆ ಹೋದರೆ ಒಬ್ಬನ ಹೊಲಕ್ಕೆ ಮಾತ್ರ ಹೋಗುವುದಿಲ್ಲ. ಯಾವ ವರ್ಷ ನೆರೆಯವನು ಕಟ್ಟಲಾರನೋ ಅದೇ ವರ್ಷ ಹೊಣೆಗಾರನ ಕಣಜವೂ ಬರಿದಾಗಿರುತ್ತದೆ. ಬಿದ್ದವನ ಹೊರೆಯನ್ನು ಎತ್ತಬೇಕಾದವನೂ ಅದೇ ಬಿಸಿಲಿನಲ್ಲಿ ನಿಂತವನು. ಹೊಣೆಗಾರಿಕೆಯ ಲೆಕ್ಕದಲ್ಲಿ ಎಲ್ಲರೂ ತಪ್ಪುವುದು ಇಲ್ಲಿಯೇ. ಸಾಲಗಾರ ತಪ್ಪಿದಾಗ ತಾನು ಇಂದಿನಷ್ಟೇ ಅನುಕೂಲವಾಗಿರುವೆನೆಂದು ಹೊಣೆಗಾರ ಎಣಿಸುತ್ತಾನೆ.

ಕಂದಾಯದ ದರ ಹೆಚ್ಚಾಗಿದೆಯೆಂದು ಮನ್ರೋವಿಗೇ ಅನಿಸಿತ್ತು. 1807ರಲ್ಲಿ ಹೊರಡುವ ಮುನ್ನ ಅವನು ಶೇಕಡಾ 25ರಷ್ಟು, ಬಾವಿಯ ನೀರಿನ ತೋಟದ ಭೂಮಿಗೆ ಅದಕ್ಕಿಂತಲೂ ಹೆಚ್ಚು ಕಡಿತವನ್ನು ಶಿಫಾರಸು ಮಾಡಿದನು. ಮೇಲಿನವರು ಅದನ್ನು ಒಪ್ಪದೆ, ರೈತವಾರಿಯನ್ನೇ ಕೈಬಿಟ್ಟು, ಇಡೀ ಗ್ರಾಮವನ್ನು ಒಂದು ಗಂಟಾಗಿ ಗುತ್ತಿಗೆ ಕೊಡುವ ಪದ್ಧತಿಯನ್ನು ತಂದರು. 1809ರಿಂದ ಮೂರು ವರ್ಷದ ಗುತ್ತಿಗೆ. ಅದರ ಅವಧಿ ಮುಗಿದೊಡನೆ ಹತ್ತು ವರ್ಷದ ಗುತ್ತಿಗೆ. ಗುತ್ತಿಗೆದಾರರಾಗಿ ಮುಂದೆ ನಿಂತವರು ಬಹುಮಟ್ಟಿಗೆ ಆಯಾ ಊರಿನ ಗೌಡರು, ರೆಡ್ಡಿಗಳು, ಪಟೇಲರು.

ಗುತ್ತಿಗೆ ಎಂಬ ಹೆಸರಿದ್ದರೂ ಇದು ಒಳಗೆ ಜಾಮೀನೇ ಆಗಿತ್ತು. ಗೌಡನು ಸರ್ಕಾರಕ್ಕೆ ವರ್ಷಕ್ಕಿಷ್ಟೆಂದು ಒಪ್ಪಿಕೊಂಡ ಮೇಲೆ ಊರಿನಲ್ಲಿ ಯಾರು ಕಟ್ಟಿದರೂ, ಯಾರು ಕಟ್ಟದಿದ್ದರೂ ಕಚೇರಿಗೆ ಸಂಬಂಧವಿಲ್ಲ. ಅಷ್ಟು ಹಣ ಅವನದು. ಹಿಂದಿನ ಶೇಕಡಾ 10ರ ಮಿತಿಯೂ ಇಲ್ಲಿ ಇಲ್ಲ. ಲೆಕ್ಕ ಬಲ್ಲ ಮನುಷ್ಯ ಇದಕ್ಕೆ ಏಕೆ ಒಪ್ಪಿದನು ಎಂದು ಕೇಳಬಹುದು. ಲಾಭದ ಆಸೆ ಕೆಲವರಿಗೆ ಇದ್ದಿರಬೇಕು. ಆದರೆ ತಾನು ಒಲ್ಲೆನೆಂದರೆ ಪರಸ್ಥಳದವನೊಬ್ಬ ಬಂದು ತನ್ನ ಊರಿನ ಯಜಮಾನನಾಗುತ್ತಾನೆ ಎಂಬ ಭಯ ಅದಕ್ಕಿಂತ ದೊಡ್ಡದು. ತಲೆತಲಾಂತರದ ಗೌಡಿಕೆಯ ಮನೆಗೆ ಅದು ಸಹಿಸಲಾಗದ ಅವಮಾನ. ಆಗದೆಂದು ತಿಳಿದೂ ‘ಆಗಲಿ’ ಎಂದವರು ಹೀಗೆ ಹುಟ್ಟುತ್ತಾರೆ. ಇಂದು ಬೀಗರ ಮುಖ ನೋಡಿ, ಸಮಾಜದ ಅಧ್ಯಕ್ಷರ ಮಾತಿಗೆ ಕಟ್ಟುಬಿದ್ದು ರುಜು ಹಾಕುವವರ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ.

ಪರಿಣಾಮವನ್ನು ಕಂಪನಿಯ ಅಧಿಕಾರಿಗಳೇ ದಾಖಲಿಸಿದ್ದಾರೆ. 1904ರಲ್ಲಿ ಪ್ರಕಟವಾದ ಡಬ್ಲ್ಯು. ಫ್ರಾನ್ಸಿಸ್ ಅವರ ಬಳ್ಳಾರಿ ಗೆಜೆಟಿಯರ್ ಅದನ್ನು ಸಂಗ್ರಹಿಸಿ ಹೇಳುತ್ತದೆ. ಹತ್ತು ವರ್ಷದ ಗುತ್ತಿಗೆ ಮುಗಿಯುವ ಹೊತ್ತಿಗೆ ಹಳೆಯ ಪ್ರತಿಷ್ಠಿತ ಪಟೇಲರಲ್ಲಿ ಬಹುಮಂದಿ ದಾರಿದ್ರ್ಯಕ್ಕೆ ಬಿದ್ದಿದ್ದರು. ಅನೇಕರ ಆಸ್ತಿ ಹರಾಜಾಗಿತ್ತು. ಕೆಲವರು ಸೆರೆಮನೆಯನ್ನೂ ಕಂಡರು. ಸೀಮೆಗೆಲ್ಲ ಹೆಸರಾದ ದೊಡ್ಡ ಒಕ್ಕಲುಗಳು ಹೇಳಹೆಸರಿಲ್ಲದಂತಾದವು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಮುಳುಗಿದವರು ದುಂದುಗಾರರಲ್ಲ, ಸುಳ್ಳುಗಾರರಲ್ಲ. ಯಾರ ಮಾತಿಗೆ ಬೆಲೆಯಿತ್ತೋ, ಯಾರ ಆಸ್ತಿ ಜಪ್ತಿಗೆ ಯೋಗ್ಯವಾಗಿತ್ತೋ ಅವರೇ ಮುಳುಗಿದರು. ಏನೂ ಇಲ್ಲದ ರೈತ ರಾತ್ರೋರಾತ್ರಿ ಹೊಳೆ ದಾಟಿ ಆನೆಗೊಂದಿಯ ಕಡೆಗೆ, ನಿಜಾಮನ ಸೀಮೆಗೆ ಹೋಗಬಹುದಾಗಿತ್ತು. ಗೌಡನು ತನ್ನ ಮನೆ, ತೋಟ, ಹೆಸರನ್ನು ಹೊತ್ತು ಎಲ್ಲಿಗೆ ಹೋದಾನು?

1820ರಲ್ಲಿ ಮನ್ರೋ ಮದರಾಸಿನ ಗವರ್ನರನಾಗಿ ಮರಳಿದನು. ಬಳ್ಳಾರಿಗೆ ರೈತವಾರಿ ಮತ್ತೆ ಬಂತು. 1807ರಲ್ಲಿ ಅವನು ಕೇಳಿದ್ದ ಕಡಿತವೂ ದೊರೆಯಿತು. ಅಷ್ಟರಲ್ಲಿ ಹದಿಮೂರು ವರ್ಷಗಳು ಕಳೆದಿದ್ದವು.

ಶ್ರಾವಕಾಚಾರದ ದೃಷ್ಟಿಯಿಂದಲೂ ಇದನ್ನು ನೋಡಬಹುದು. ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ ಗೃಹಸ್ಥನು ತನ್ನ ಹೊಲ, ಮನೆ, ಹೊನ್ನು, ಧಾನ್ಯಗಳಿಗೆ ಮಿತಿ ಹಾಕಿಕೊಳ್ಳುತ್ತಾನೆ. ಅದೇ ಗೃಹಸ್ಥನು ಮೊತ್ತವಿಲ್ಲದ, ಅವಧಿಯಿಲ್ಲದ ಜಾಮೀನು ಪತ್ರಕ್ಕೆ ರುಜು ಹಾಕಿದಾಗ, ಸಂಪತ್ತಿಗೆ ಹಾಕಿದ ಮಿತಿ ಋಣಕ್ಕೆ ಇಲ್ಲವಾಯಿತು. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ಯನ್ನು, ಎಂದರೆ ಸುಳ್ಳು ಬರಹವನ್ನು, ಎಣಿಸಿದೆ. ಕೊಡಲು ತನ್ನಲ್ಲಿ ಇಲ್ಲವೆಂದು ತಿಳಿದೂ ‘ಕೊಡುವೆನು’ ಎಂದು ಬರೆದುಕೊಡುವುದು ಅದಕ್ಕೆ ಎಷ್ಟು ಸಮೀಪವೆಂಬುದನ್ನು ಬಲ್ಲವರು ವಿಚಾರಿಸಬೇಕು. ದಯೆಯಿಂದ ಮಾಡಿದ್ದೆಂಬ ಸಮಾಧಾನ ಸಾಲದು. ಕಷ್ಟದಲ್ಲಿರುವವನಿಗೆ ಮೂರು ತಿಂಗಳ ಬಾಡಿಗೆಯನ್ನು ಕೈಯಾರೆ ಕೊಟ್ಟುಬಿಡುವುದು ದಾನ. ಅದರ ಗಾತ್ರ ಕೊಟ್ಟವನಿಗೆ ಗೊತ್ತು. ಜಾಮೀನಿನ ಗಾತ್ರವನ್ನು ನಿಶ್ಚಯಿಸುವವನು ಇನ್ನೊಬ್ಬ.

ಹಳೆಯ ಕಥೆಯೆಂದು ಇದನ್ನು ಬದಿಗಿಡುವಂತಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ರಮ ಗಣಿಗಾರಿಕೆಯ ಅತಿರೇಕವನ್ನು ನೋಡಿದರೆ ಆ ಆಜ್ಞೆ ನ್ಯಾಯವಾದದ್ದೇ. ಆದರೆ ಸಂಡೂರು, ಹೊಸಪೇಟೆಗಳ ರಸ್ತೆಯಲ್ಲಿ ಓಡುತ್ತಿದ್ದ ಸಾವಿರಾರು ಲಾರಿಗಳು ಒಮ್ಮೆಗೇ ನಿಂತವು. ಬಾಡಿಗೆ ನಿಂತಿತು, ಕಂತು ಮಾತ್ರ ನಿಲ್ಲಲಿಲ್ಲ. ಲಾರಿಯ ಸಾಲಕ್ಕೆ ಹೊಣೆ ನಿಂತವನು ಅರಿವೆಯ ಅಂಗಡಿಯವನಾಗಿದ್ದರೂ ಅವನ ಗಿರಾಕಿಯೂ ಅದೇ ಗಣಿಯ ಹಣದಲ್ಲಿ ಬದುಕಿದವನು. ಹೊಣೆ ನಿಂತವನು ಮತ್ತೊಬ್ಬ ಲಾರಿಯವನೇ ಆಗಿದ್ದರಂತೂ ಹೇಳುವುದೇ ಬೇಡ. ಕೆಲವು ಗಣಿಗಳು ಮರುವರ್ಷದಿಂದ ಹಂತಹಂತವಾಗಿ ತೆರೆದವು. ಅಂತಿಮ ತೀರ್ಪು 2013ರ ಏಪ್ರಿಲ್‌ನಲ್ಲಿ ಬಂತು. ಇನ್ನೂರು ವರ್ಷಗಳ ಹಿಂದೆ ಮಳೆ ಹೋದಾಗ ಆದದ್ದೇ ಈಗ ಅದಿರು ನಿಂತಾಗ ಆಯಿತು.

ಇಂದಿನ ಕಾನೂನು 1872ರ ಭಾರತೀಯ ಕರಾರು ಅಧಿನಿಯಮ. ಅದರ 128ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಜಾಮೀನುದಾರನ ಬಾಧ್ಯತೆ ಮೂಲ ಸಾಲಗಾರನ ಬಾಧ್ಯತೆಯಷ್ಟೇ ವಿಸ್ತಾರವಾದುದು. ‘ಮೊದಲು ಅವನನ್ನು ಕೇಳಿ, ಆಮೇಲೆ ನನ್ನ ಬಳಿ ಬನ್ನಿ’ ಎಂಬ ಮಾತು ನಡೆಯದೆಂದು ಸುಪ್ರೀಂ ಕೋರ್ಟು 1969ರಲ್ಲಿ ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಬಾಡಿಗೆದಾರ ಪರಾರಿಯಾಗದೆ ಅದೇ ಊರಿನಲ್ಲಿದ್ದರೂ ಮಾಲೀಕನು ನೇರವಾಗಿ ಹೊಣೆಗಾರನ ಬಾಗಿಲಿಗೆ ಬರಬಹುದು. ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಪುತ್ರನ ಬಾಧ್ಯತೆ ಮಾತ್ರ ಕಾಲಕ್ರಮದಲ್ಲಿ ಸಡಿಲಿತು. ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ 2005ರಲ್ಲಿ ಬಂದ ತಿದ್ದುಪಡಿಯ ನಂತರದ ಸಾಲಗಳಿಗೆ, ಪುತ್ರಧರ್ಮವೆಂಬ ಒಂದೇ ಕಾರಣದಿಂದ ಮಗನ ಮೇಲೆ ದಾವೆ ನಡೆಯುವುದಿಲ್ಲ. ಆದರೆ ತಂದೆಯಿಂದ ಬಂದ ಆಸ್ತಿ ತಂದೆಯ ಋಣವನ್ನು ಹೊತ್ತೇ ಬರುತ್ತದೆ.

ಕಾನೂನು ಹೊಣೆಗಾರನನ್ನು ಪೂರ್ತಿ ಕೈಬಿಟ್ಟಿಲ್ಲ. ಮಾಲೀಕನೂ ಬಾಡಿಗೆದಾರನೂ ತಮ್ಮಷ್ಟಕ್ಕೆ ಬಾಡಿಗೆಯನ್ನು ಏರಿಸಿಕೊಂಡು ಕರಾರನ್ನು ಬದಲಿಸಿದರೆ, ಹೊಣೆಗಾರನ ಒಪ್ಪಿಗೆಯಿಲ್ಲದ ಆ ಬದಲಾವಣೆಯ ನಂತರದ ವ್ಯವಹಾರಗಳಿಗೆ ಅವನು ಬಾಧ್ಯನಲ್ಲ. ಮುಂದುವರಿಯುವ ಜಾಮೀನನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟೀಸು ಕೊಟ್ಟು ಹಿಂತೆಗೆದುಕೊಳ್ಳಲು 130ನೆಯ ಕಲಮು ಅವಕಾಶ ಕೊಡುತ್ತದೆ. ನಿಶ್ಚಿತ ಅವಧಿಯ ಒಂದೇ ಕರಾರಿಗೆ ನಿಂತವನಿಗೆ ಈ ದಾರಿ ಸುಲಭವಲ್ಲ ಎಂಬುದನ್ನು ರುಜುವಿಗೆ ಮೊದಲೇ ವಕೀಲರಿಂದ ಕೇಳಿ ತಿಳಿಯುವುದು ಮೇಲು. ಹಣ ಕಟ್ಟಿದ ಹೊಣೆಗಾರನಿಗೆ ಅದನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕೂ ಉಂಟು. ಸ್ಮೃತಿಯ ಇಮ್ಮಡಿ ಮಾತ್ರ ಈಗ ಇಲ್ಲ.

ಬಸದಿಗಳ ಟ್ರಸ್ಟುಗಳು ಈ ವ್ಯವಹಾರದಲ್ಲಿ ಹೆಚ್ಚಾಗಿ ಮಾಲೀಕರ ಸ್ಥಾನದಲ್ಲಿರುತ್ತವೆ; ಪೇಟೆಬೀದಿಯ ಮಳಿಗೆಗಳ ಬಾಡಿಗೆಯಿಂದಲೇ ನಿತ್ಯಪೂಜೆ, ಅಭಿಷೇಕಗಳು ನಡೆಯುವ ಊರುಗಳಿವೆ. ಅವರಿಗೆ ಸಂಬಂಧಿಸಿದ ಕಲಮುಗಳು ಎರಡು. ಹೊಣೆ ಬರೆದ ಹೊತ್ತಿಗೆ ಇರಿಸಿಕೊಂಡಿದ್ದ ಮುಂಗಡವನ್ನು ಹೊಣೆಗಾರನನ್ನು ಕೇಳದೆ ಬಾಡಿಗೆದಾರನಿಗೆ ಹಿಂದಿರುಗಿಸಿದರೆ, 141ನೆಯ ಕಲಮಿನಂತೆ ಅಷ್ಟರಮಟ್ಟಿಗೆ ಹೊಣೆಗಾರ ಬಿಡುಗಡೆಯಾಗುತ್ತಾನೆ. ಬಾಡಿಗೆದಾರ ಆಗಲೇ ಹಲವು ತಿಂಗಳ ಬಾಕಿ ಉಳಿಸಿಕೊಂಡಿದ್ದಾನೆಂಬ ಮುಖ್ಯ ಸಂಗತಿಯನ್ನು ಮರೆಮಾಚಿ ಹೊಸ ಹೊಣೆಗಾರನಿಂದ ರುಜು ಪಡೆದರೆ, 143ನೆಯ ಕಲಮಿನಂತೆ ಆ ಜಾಮೀನೇ ಅಸಿಂಧು. ಬಾಕಿ ಏರುತ್ತಿರುವಾಗ ಮೊದಲ ತಿಂಗಳಿನಲ್ಲೇ ಹೊಣೆಗಾರನಿಗೆ ಒಂದು ಪತ್ರ ಹಾಕಬೇಕೆಂದು ಯಾವ ಕಲಮೂ ಹೇಳುವುದಿಲ್ಲ. ಬಾಡಿಗೆ ಕರಾರು ಬರೆಸುವಾಗಲೇ ಆ ಸಾಲನ್ನು, ಹೊಣೆಯ ಗರಿಷ್ಠ ಮೊತ್ತವನ್ನು, ಮುಗಿಯುವ ದಿನಾಂಕವನ್ನು ಸೇರಿಸುವುದಕ್ಕೆ ಟ್ರಸ್ಟಿನ ಒಂದು ಠರಾವು ಸಾಕು.